ಒತ್ತದೆ ಉಳಿದ ಹೆಬ್ಬೆಟ್ಟು

ಸೀಗೆಪುಡಿ ಹಾಕಿ ಉಜ್ಜಿದರೂ ಹೇಮಾಕ್ಷಿಯ ಎಡಗೈ ಹೆಬ್ಬೆರಳಿನ ಮಸಿ ಹೋಗಲಿಲ್ಲ. ಬಚ್ಚಲಿನಲ್ಲಿ ಮೀಯಿಸುತ್ತಿದ್ದ ಪಕ್ಕದ ಗಲ್ಲಿಯ ದುರ್ಗಾಂಬ ತೆಂಗಿನ ನಾರು ತೆಗೆದುಕೊಂಡು ಇನ್ನೊಮ್ಮೆ ತಿಕ್ಕಿದಳು. ನೇರಳೆ ಬಣ್ಣ ಗೆರೆಗಳ ಸಂದಿಗೆ ಇಳಿದು ಕೂತಿತ್ತು.

"ಮೆಲ್ಲಗೆ, ಅಮ್ಮನಿಗೆ ನೋಯುತ್ತೆ," ಎಂದಳು ಮಗಳು ಅರ್ಪಿತಾ. ತಾನು ಅಂದದ್ದೇನೆಂದು ಮರುಗಳಿಗೆ ಹೊಳೆದು ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ಬಾಗಿಲಾಚೆ ಕುರ್ಚಿಯಲ್ಲಿ ಕೂತಿದ್ದ ಶೇಷಗಿರಿಗೆ ಎಲ್ಲ ಕೇಳಿಸುತ್ತಿತ್ತು. ನಿನ್ನೆ ಮಧ್ಯಾಹ್ನ ಅವನ ಹೆಂಡತಿ ವಾರ್ಡ್ ಆಫೀಸಿನಲ್ಲಿ ಮಸಿ ಪ್ಯಾಡಿಗೆ ಬೆರಳು ಒತ್ತಿ, ಅದನ್ನು ಕಾಗದದ ಮೇಲೆ ಇಡುವ ಮೊದಲೇ ಮೇಜಿಗೆ ಒರಗಿದ್ದಳು. ಎದೆ ನೋಯುತ್ತಿದೆ ಎನ್ನುವಷ್ಟು ಪುರುಸೊತ್ತನ್ನೂ ಸಾವು ಕೊಡಲಿಲ್ಲ. ಬಿ.ಎ. ಓದಿದವಳು, ತೆಲುಗು ನಾಡಿನ ಕಡಲ ದಂಡೆಯ ಗಾಜುವಾಕದ ಕಾರ್ಪೊರೇಟರು; ಆದರೂ ಮೂರು ವರ್ಷದಿಂದ ಒಂದೇ ಒಂದು ಸಹಿ ಹಾಕಿದವಳಲ್ಲ. ಎಲ್ಲದಕ್ಕೂ ಹೆಬ್ಬೆಟ್ಟು. ಯಾಕೆ ಎನ್ನುವುದು ಇಬ್ಬರಿಗೇ ಗೊತ್ತಿತ್ತು. ಅವರಲ್ಲೀಗ ಒಬ್ಬ ಉಳಿದಿದ್ದ.

*

ಮದುವೆಯಾದ ಹೊಸತು. ಚಿತ್ರದುರ್ಗದ ಶೇಷಗಿರಿಯನ್ನು ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದ್ದರು. ನೆತ್ತಿ ಸುಡುವ ಬಿಸಿಲು, ಬಾಯಿಗೆ ಬಾರದ ತೆಲುಗು. ಹೇಮಾಕ್ಷಿ ಮಧ್ಯಾಹ್ನ ಬ್ಯಾಂಕಿಗೇ ಊಟದ ಡಬ್ಬಿ ತರುತ್ತಿದ್ದಳು. ಅವತ್ತು ಪಿಂಚಣಿ ದಿನ. ಶೇಷಗಿರಿ ಒಬ್ಬೊಬ್ಬ ಮುದುಕಿಯ ಬೆರಳನ್ನೂ ಹಿಡಿದು ಒತ್ತಿಸುತ್ತಿದ್ದ.

"ಪಾಪ, ಇವರಿಗೆ ಸಹಿ ಬರಲ್ವಲ್ಲ," ಎಂದಳು.

"ಪಾಪ ಯಾಕೆ? ಅದೇ ಗಟ್ಟಿ ಕಣೆ. ಸಹಿ ಯಾರು ಬೇಕಾದ್ರೂ ಹಾಕ್ಬೋದು. ನೋಡಿಲ್ಲಿ."

ಚಲನಿನ ಹಿಂಬದಿಯಲ್ಲಿ ಅವಳ ಸಹಿಯನ್ನು, ಕೊನೆಯಲ್ಲಿ ಎಳೆಯುವ ಕೊಕ್ಕೆ ಸಮೇತ, ಅಚ್ಚು ಹೊಡೆದಂತೆ ಹಾಕಿ ತೋರಿಸಿದ. ಅವಳು ಬಿದ್ದು ಬಿದ್ದು ನಕ್ಕಳು. "ಎಂಥಾ ಕಳ್ಳನ ಕೈಲಿ ಸಿಕ್ಕಿಬಿದ್ದೆನಪ್ಪ."

"ಹೆಬ್ಬೆಟ್ಟು ಮಾತ್ರ ಬ್ರಹ್ಮ ಬಂದ್ರೂ ಕದಿಯಕ್ಕಾಗಲ್ಲ," ಎಂದಿದ್ದ ಅವನು, ದೊಡ್ಡ ಪಂಡಿತನ ಹಾಗೆ.

ಆ ಚಲನನ್ನು ಅವಳು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಪರ್ಸು ಎಷ್ಟು ಬದಲಾದರೂ ಚಲನು ಬದಲಾಗಲಿಲ್ಲ.

*

ಹೂವಿನ ಹಾರ ಹಿಡಿದು ಬಂದ ಪಕ್ಷದ ಸೂರ್ಯಪ್ರಕಾಶ ಕುರ್ಚಿ ಎಳೆದುಕೊಂಡು ಶೇಷಗಿರಿಯ ಪಕ್ಕ ಕೂತ. ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡ. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಶುರುಮಾಡಿದ.

"ಸಾರ್, ಮೇಡಂ ಗಾರು ನೆನಪಿಗೆ ಮೇನ್ ರೋಡಲ್ಲಿ ಇನ್ನೊಂದು ಸ್ವಾಗತ ದ್ವಾರ ಕಟ್ಟಿಸೋಣ. ಮಾರ್ಬಲ್ಲಿನಲ್ಲಿ ಹೆಸರು, ಮೇಲೆ ಫೋಟೊ. ವಾರ್ಡಿಗೆ ವರ್ಷಕ್ಕೆ ಒಂದೇ ಕೆಲಸ ಕೊಡೋದು, ಕೌನ್ಸಿಲಿನ ಪಟ್ಟಿ ನಾಳೆ ಮುಗಿಯುತ್ತೆ. ನಿನ್ನೆ ತಾರೀಕು ಹಾಕಿ ಕಾಗದ ತಂದಿದೀನಿ."

"ಅವಳೇ ಇಲ್ವಲ್ಲ ಸೂರ್ಯಪ್ರಕಾಶ್."

"ಬೆರಳಲ್ಲಿ ಮಸಿ ಇನ್ನೂ ಇದೆಯಂತೆ ಸಾರ್. ಸ್ವಲ್ಪ ಒದ್ದೆ ಮಾಡಿದ್ರೆ ಆಯ್ತು. ಒಂದು ನಿಮಿಷದ ಕೆಲಸ."

ಅಮೃತಶಿಲೆಯ ಮೇಲೆ ಹೇಮಾಕ್ಷಿ ಎಂಬ ಹೆಸರು ಕಣ್ಣಿಗೆ ಕಟ್ಟಿತು. ಸುಳ್ಳೇಕೆ, ಶೇಷಗಿರಿಯ ಕೈ ಕಾಗದದ ಕಡೆಗೆ ಹೋಗಿಯೇಬಿಟ್ಟಿತು. ಆಗ ಆ ಮೊದಲನೆಯ ದ್ವಾರ ನೆನಪಾಯಿತು.

*

ನಿವೃತ್ತಿಯಾದ ಮೇಲೆ ಗಾಜುವಾಕದಲ್ಲೇ ನೆಲೆಸಿ ಕಾರ್ಪೊರೇಟರ್ ಆಗಬೇಕೆಂದು ಹೊರಟವನು ಶೇಷಗಿರಿ. ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಹೆಂಡತಿಯನ್ನು ನಿಲ್ಲಿಸಿದ. ಹೆಸರು ಅವಳದು, ಕುರ್ಚಿ ಇವನದು. ಜನ ಇವನಿಗೇ "ಕಾರ್ಪೊರೇಟರ್ ಗಾರು" ಎಂದು ಕೈ ಮುಗಿದರು, ಇವನೂ ಬೇಡವೆನ್ನಲಿಲ್ಲ.

ಹೇಮಾಕ್ಷಿ ಗಲ್ಲಿ ಗಲ್ಲಿ ಸುತ್ತಿದಳು. ದುರ್ಗಾಂಬನ ಗಂಡ ತೀರಿಕೊಂಡಾಗ ವಾರ್ಡಿನ ರುದ್ರಭೂಮಿಯಲ್ಲಿ ಒಂದು ಹನಿ ನೀರಿರಲಿಲ್ಲ. ಹೆಣ ಇಳಿಸಿ, ಒಂದು ಕೊಡ ನೀರಿಗೆ ಮನೆಮನೆ ಅಲೆದಿದ್ದರು. ಅದನ್ನು ಕೇಳಿ ಬಂದವಳೇ, ಈ ವರ್ಷದ ಕೆಲಸ ರುದ್ರಭೂಮಿಗೆ ಕೊಳಾಯಿ ಎಂದು ಕಾಗದ ಬರೆದಿಟ್ಟಳು. ಸತ್ತವರು ಓಟು ಹಾಕುತ್ತಾರೆಯೇ ಎಂದುಕೊಂಡ ಶೇಷಗಿರಿ ಅದನ್ನು ಹರಿದು, ಸ್ವಾಗತ ದ್ವಾರಕ್ಕೆಂದು ಬೇರೆ ಬರೆದ. ಕೆಳಗೆ ಕೊಕ್ಕೆ ಸಮೇತ ಅವಳ ಸಹಿ.

ದ್ವಾರದ ಉದ್ಘಾಟನೆಯ ಸಂಜೆ ಅವಳು ಆ ಹಳೆಯ ಚಲನನ್ನು ಪರ್ಸಿನಿಂದ ತೆಗೆದು ಅವನ ಊಟದ ತಟ್ಟೆಯ ಪಕ್ಕ ಇಟ್ಟಳು.

"ಅವತ್ತು ನಗು ಬಂದಿತ್ತು ರೀ," ಎಂದಳು. ಅಷ್ಟೆ.

ಮಾರನೆಯ ದಿನ ಮಸಿ ಪ್ಯಾಡು ಕೊಂಡು ತಂದಳು. ಕೌನ್ಸಿಲಿನಲ್ಲಿ ನಕ್ಕರು. ವೇಲಿಮುದ್ರ ಕಾರ್ಪೊರೇಟರ್, ಹೆಬ್ಬೆಟ್ಟಿನ ಕಾರ್ಪೊರೇಟರ್ ಎಂದು ಅಡ್ಡಹೆಸರಿಟ್ಟರು. ಶೇಷಗಿರಿ ಅಂಗಲಾಚಿದ.

"ಕಾರಣನಾದ್ರೂ ಹೇಳಿಬಿಡೆ. ಓದಿದೋಳನ್ನ ಹೀಗೆ ಆಡ್ಕೋತಾರಲ್ಲ."

"ಕಾರಣ ಹೇಳಿದ್ರೆ ನಿಮ್ಮನ್ನ ಆಡ್ಕೋತಾರೆ. ಅದು ನಂಗೆ ತಡ್ಕೊಳಕ್ಕಾಗಲ್ಲ. ನನ್ನನ್ನೇ ಆಡ್ಕೊಳ್ಳಲಿ ಬಿಡಿ."

*

ಶೇಷಗಿರಿ ಸೂರ್ಯಪ್ರಕಾಶನ ಕಾಗದವನ್ನು ನಾಲ್ಕಾಗಿ ಮಡಚಿ ಅವನ ಜೇಬಿಗೇ ಇಟ್ಟ. "ಅವಳ ಕೈ ಮುಟ್ಟಬೇಡಿ," ಎಂದ. ಸೂರ್ಯಪ್ರಕಾಶ ಹಾರ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ನಡುಮನೆಯಲ್ಲಿ ಹೇಮಾಕ್ಷಿಯನ್ನು ಹಸಿರು ಸೀರೆ ಉಡಿಸಿ ಮಲಗಿಸಿದ್ದರು. ವಾರ್ಡ್ ಆಫೀಸಿನಿಂದ ಬಂದಿದ್ದ ಅವಳ ಚೀಲವನ್ನು ಅರ್ಪಿತಾ ತಂದು ಮುಂದಿಟ್ಟಳು. ಒಳಗೆ ಪ್ಯಾಡು, ಕನ್ನಡಕ, ಒಂದು ಕಾಗದ.

"ಅಪ್ಪಾ, ನಿನ್ನೆ ಅಮ್ಮ ಒತ್ತಬೇಕಿದ್ದ ಲೆಟರ್ ಇದೇ. ರುದ್ರಭೂಮಿ ಕೊಳಾಯಿ. ಪ್ರತಿ ವರ್ಷ ಕೊಡ್ತಿದ್ರಂತೆ, ಪಾರ್ಟಿಯೋರು ತಳ್ಳಿ ಹಾಕ್ತಿದ್ರಂತೆ." ಅವಳು ಪ್ಯಾಡಿನ ಮುಚ್ಚಳ ತೆಗೆದಳು. "ಇದಕ್ಕೆ ಒತ್ತಿಸೋಣ ಅಪ್ಪಾ. ಅಮ್ಮಂದೇ ತಾನೆ? ಪರವಾಲೇದು, ಏನೂ ತಪ್ಪಿಲ್ಲ."

ಶೇಷಗಿರಿ ಹೆಂಡತಿಯ ಪಕ್ಕ ಕೂತು ಅವಳ ಹೆಬ್ಬೆರಳನ್ನು ಹಿಡಿದ. ತಣ್ಣಗಿತ್ತು. ಸಾವಿರ ಮುದುಕಿಯರ ಬೆರಳು ಹಿಡಿದ ಕೈ. ಕಾಗದಕ್ಕೂ ಬೆರಳಿಗೂ ನಡುವೆ ಅಕ್ಕಿಕಾಳಿನಷ್ಟು ಜಾಗ. ಅಲ್ಲಿಗೇ ನಿಂತುಬಿಟ್ಟ. ಅವಳು ಬೇಡವೆನ್ನುವ ಹಾಗಿಲ್ಲ, ಬೇಕೆನ್ನುವ ಹಾಗೂ ಇಲ್ಲ. ಮೊದಲನೆಯ ಸಲವೂ ಹೀಗೆ ಅವಳನ್ನು ಕೇಳದೆಯೇ ಅಲ್ಲವೇ ಸಹಿ ಹಾಕಿದ್ದು?

"ಆಗಲ್ಲ ಮಗಳೇ. ಒಳ್ಳೇದಕ್ಕೂ ಆಗಲ್ಲ."

ಹೆಬ್ಬೆರಳನ್ನು ಒಳಗೆ ಮಡಚಿ ಅವಳ ಮುಷ್ಟಿ ಮುಚ್ಚಿದ. ದುರ್ಗಾಂಬನಿಗೂ ತಿಳಿಯಲೆಂದು ತೆಲುಗಿನಲ್ಲಿ, ಎಲ್ಲರ ಮುಂದೆ ಹೇಳಿದ. "ಇವಳು ಹೆಬ್ಬೆಟ್ಟು ಯಾಕೆ ಒತ್ತುತ್ತಿದ್ದಳು ಗೊತ್ತಾ? ಇವಳ ಸಹಿಯನ್ನ ನಾನು ಕದ್ದಿದ್ದೆ. ಕೊಳಾಯಿ ಕಾಗದ ಹರಿದು ಆ ದ್ವಾರ ಕಟ್ಟಿಸಿದೋನು ನಾನು."

ದುರ್ಗಾಂಬ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋದಳು. ಶೇಷಗಿರಿ ಹೆಂಡತಿಯ ಮುಷ್ಟಿಯ ಮೇಲೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ.

*

ರುದ್ರಭೂಮಿಯಲ್ಲಿ ಜಾಲಿ ಬೆಳೆದಿತ್ತು. ಚಟ್ಟ ಇಳಿಸಿದ ಮೇಲೆ ಪುರೋಹಿತರು ಖಾಲಿ ಗಡಿಗೆ ಎತ್ತಿ ತೋರಿಸಿದರು. "ನೀರೆಲ್ಲಿ?"

ಹೊತ್ತು ತಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರು ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಿಸಿಲಿನಲ್ಲಿ ಹೇಮಾಕ್ಷಿ ಮಲಗಿದ್ದಳು, ಬಾಯಿಗೆ ಬಿಡಲು ಒಂದು ಹನಿಯಿಲ್ಲದೆ. ಶೇಷಗಿರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಗೇಟಿನ ಹತ್ತಿರ ಬಳೆಯ ಸದ್ದಾಯಿತು. ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ದುರ್ಗಾಂಬ ನಿಂತಿದ್ದಳು. ಅವಳ ಹಿಂದೆ ಹತ್ತು ಹನ್ನೆರಡು ಹೆಂಗಸರು, ಎಲ್ಲರ ಸೊಂಟದಲ್ಲೂ ಬಿಂದಿಗೆ. ಹೆಂಗಸರು ಕಾಲಿಡದ ಜಾಗ. ಗೇಟು ದಾಟದೆ ನಿಂತಿದ್ದರು.

ಶೇಷಗಿರಿ ಗೇಟಿನವರೆಗೆ ಹೋದ. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. "ಒಳಗೆ ಬನ್ನಿ ತಾಯಿ," ಎಂದ.

"ಅಮ್ಮನಿಗೋಸ್ಕರ ಬಂದಿದ್ದು," ಎಂದಳು ದುರ್ಗಾಂಬ. ಒಳಗೆ ಬಂದಳು, ಹಿಂದೆಯೇ ಉಳಿದವರೂ ಬಂದರು.

ಅವಳು ಹೇಮಾಕ್ಷಿಯ ಬಾಯಿಗೆ ನೀರು ಬಿಟ್ಟಳು. ಗಡಿಗೆ ತುಂಬಿತು. ಹೆಗಲ ಮೇಲಿನ ಗಡಿಗೆಯಿಂದ ನೀರು ಸೋರುತ್ತಿರಲು ಶೇಷಗಿರಿ ಮೂರು ಸುತ್ತು ಬಂದು, ಗಡಿಗೆ ಒಡೆದು, ಕೊಳ್ಳಿ ಇಟ್ಟ.

ಚಿತೆ ಹತ್ತಿಕೊಂಡ ಮೇಲೂ ಹೆಂಗಸರು ಹೋಗಲಿಲ್ಲ. ಅವರ ಜೊತೆ ಬಂದಿದ್ದ ಅರ್ಪಿತಾ ಕಂಕುಳಲ್ಲಿ ಇಟ್ಟುಕೊಂಡಿದ್ದ ಚೀಲದಿಂದ ಶೇಷಗಿರಿ ಕಾಗದವನ್ನೂ ಪ್ಯಾಡನ್ನೂ ತೆಗೆದು ಕಲ್ಲುಬೆಂಚಿನ ಮೇಲೆ ಇಟ್ಟ.

"ಅವಳ ಜಾಗ ಹಾಗೇ ಇರಲಿ. ಕೆಳಗೆ ನೀವು ಒತ್ತಿ. ನಾಳೆ ನಾನೇ ಒಯ್ದು ಕೊಡ್ತೀನಿ. ಹರಿಯಲ್ಲ."

ದುರ್ಗಾಂಬ ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಂಗೆ ಸಹಿ ಬರುತ್ತೆ ಸಾರ್. ಅಮ್ಮನೇ ಕಲಿಸಿದ್ರು," ಎಂದಳು. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ ಕಾಗದದ ಮೇಲಿಟ್ಟಳು.

ಒಬ್ಬೊಬ್ಬರಾಗಿ ಬಂದರು. ಶೇಷಗಿರಿ ಎರಡೂ ಕೈಯಲ್ಲಿ ಪ್ಯಾಡು ಹಿಡಿದು ನಿಂತ; ಯಾರ ಬೆರಳನ್ನೂ ಮುಟ್ಟಲಿಲ್ಲ. ಕಾಗದದ ತಳವೆಲ್ಲ ನೇರಳೆಯಾಯಿತು. ಕಡಲ ಕಡೆಯಿಂದ ಗಾಳಿ ಎದ್ದು ಹೊಗೆ ಬೆಂಚಿನ ಮೇಲೆ ಬಾಗಿತು. ಕಾಗದ ಹಾರದಂತೆ ಅವನು ಅಂಗೈ ಇಟ್ಟ, ಹೇಮಾಕ್ಷಿಯ ಹೆಸರಿನ ಮೇಲಿದ್ದ ಖಾಲಿ ಜಾಗವನ್ನು ಮಾತ್ರ ಬಿಟ್ಟು.