ಗೋಡೆ ಕಡೆಯ ಕಣ್ಣು

"ನೀನು ಇಲ್ಲೇ ಬಿದ್ದಿರು. ಕಣ್ಣು ಮುಚ್ಕೊಂಡು ಬಿದ್ದಿರು," ಎಂದು ಗಂಗಾಂಬಿಕೆ ಕೊರಳಿನ ಶಿವದಾರ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಮೊಣಕೈ ಮುಳುಗುವಷ್ಟು ಆಳಕ್ಕೆ ತುರುಕಿದಳು. ಮೇಲೆ ರಾಗಿ ಎಳೆದು ಮುಚ್ಚಿದಳು. ಹುಟ್ಟಿದಾಗಿನಿಂದ ಎದೆಯ ಮೇಲಿದ್ದ ಭಾರ ಹೋಗಿ ಆ ಜಾಗ ಬಿಕೋ ಎಂದಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಸಿಟ್ಟು ಬರದೆ ಇನ್ನೇನು? ಎರಡು ವರ್ಷದ ಹಿಂದೆ ಮಗ ಗೌರೀಶಂಕರನಿಗೆ ಸಿಡುಬು ಎದ್ದಾಗ, "ಲಿಂಗ ಕಟ್ದೋರಿಗೆ ಮಾರಿ ಭಯ ಯಾತರದ್ದು" ಎಂದ ಅತ್ತೆ ಬಸವಲಿಂಗಮ್ಮನ ಮಾತು ನಂಬಿ, ಮೂರು ಹೊತ್ತೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎವೆಯಿಕ್ಕದೆ ನೋಡಿದ್ದಳು. ಹುಡುಗ ಹೋದ. ಮಣ್ಣು ಮಾಡಿ ಬಂದ ದಿನವೂ ಅತ್ತೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದಳು. ಈಗ ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ. ದುದ್ದದಲ್ಲಿ ಮನೆಮನೆಯ ಬಾಗಿಲಿಗೂ ಬೇವಿನ ಸೊಪ್ಪು. ನಾಲ್ಕು ವರ್ಷದ ಮಗಳು ಪ್ರೇಮಕುಮಾರಿಯ ಮೈತುಂಬ ಸಿಡುಬಿನ ಗುಳ್ಳೆ, ಅಮ್ಮನ ಮುತ್ತು. ಗಂಡ ಚನ್ನಬಸವಯ್ಯ ಕೊಬ್ಬರಿ ವ್ಯಾಪಾರಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಕಿವಿ ಕೇಳಿಸದ ದೇವರನ್ನು ಕಟ್ಟಿಕೊಂಡು ಏನು ಮಾಡುವುದು? ಕೇಳಿಸಿಕೊಳ್ಳುವವಳ ಹತ್ತಿರವೇ ಹೋಗುತ್ತೇನೆ, ಹೋಗುವುದನ್ನು ಈ ಶಿವ ನೋಡದಿದ್ದರೆ ಸಾಕು ಎಂದುಕೊಂಡಳು.

ಸೆರಗಿನೊಳಗೆ ಕೋಳಿ ಮುಚ್ಚಿಟ್ಟುಕೊಂಡು ಊರಾಚೆಯ ಮಾರಮ್ಮನ ಗುಡಿಗೆ ಹೊರಟಳು. ಪಕ್ಕದ ಬೀದಿಯಲ್ಲಿ ಬಾಡು ಬೆಂದರೆ ಕಿಟಕಿ ಹಾಕಿಕೊಳ್ಳುವ ಮನೆಯ ಸೊಸೆ! ಕೋಳಿ ಹಿಡಿಯುವುದು ಗೊತ್ತಿಲ್ಲದೆ ಕೂಸನ್ನು ಅಪ್ಪಿಕೊಂಡ ಹಾಗೆ ಅಪ್ಪಿಕೊಂಡಿದ್ದಳು. ಬಾವಿಯ ಹತ್ತಿರ ಬಂದಾಗ ಅದು ಕೊಕ್ ಎಂದಿತು. ಎದುರಿಗೆ ಮಠದ ಈಶ್ವರಯ್ಯ.

"ಏನವ್ವಾ ಅದು?"

"ಬಿಕ್ಕಳಿಕೆ," ಎಂದಳು ಗಂಗಾಂಬಿಕೆ, ಮುಖ ಎತ್ತಿ.

ಅವನು ಅವಳ ಬರಿಗೊರಳನ್ನು ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೈದಿದ್ದರೆ ತಿರುಗಿ ಬೈಯಬಹುದಾಗಿತ್ತು.

ಗುಡಿಯಲ್ಲಿ ಪೂಜಾರಿ ಕೆಂಚಯ್ಯ ಕೋಳಿ ಈಸಿಕೊಂಡು, "ಅಮ್ಮ ಮೈಮ್ಯಾಲಿರೋ ಗಂಟ ಯಾರೂ ಏನೂ ಮಾಡಂಗಿಲ್ಲ ಕಣವ್ವ. ಅವಳೇ ಬಂದವಳೆ, ಅವಳೇ ಓಯ್ತಾಳೆ. ಔಸ್ದಿ ಗಿವ್ಸ್ದಿ ಸೋಕ್ಸುದ್ರೆ ಮುನಿಸ್ಕಂಡ್ಬುಡ್ತಾಳೆ," ಎಂದ. ಅವನು ಮೋಸಗಾರನಲ್ಲ. ಅವನಪ್ಪ ಅವನಿಗೆ ಹೇಳಿಕೊಟ್ಟದ್ದೇ ಅಷ್ಟು.

ಮನೆಗೆ ಬಂದವಳೇ ಗಂಗಾಂಬಿಕೆ, ಸಿಡುಬಿಗೆ ದಾಕು ಚುಚ್ಚಲು ಊರಿಗೆ ಬಂದವನು ಮಗುವಿನ ಕಣ್ಣು ತೊಳೆಯಲು ಕೊಟ್ಟು ಹೋಗಿದ್ದ ಬೋರಿಕ್ ಪುಡಿಯ ಪೊಟ್ಟಣವನ್ನು ಹಿತ್ತಲ ತಿಪ್ಪೆಗೆ ಎಸೆದಳು.

"ಎವೆ ಅಂಟ್ಕೊಂಡವೆ ಕಣೆ. ತೊಳೀಲೇಬೇಕು ಅಂತ ಹೇಳ್ಲಿಲ್ವಾ ಅವನು?" ಎಂದಳು ಬಸವಲಿಂಗಮ್ಮ.

"ಮುಟ್ಟಿದ್ರೆ ನೋಡಿ ಮತ್ತೆ! ನನ್ನ ಮಗನ್ನ ನಿಮ್ಮ ಶಿವಂಗೆ ಕೊಟ್ಟಾಯ್ತು. ಇವಳನ್ನ ಕೊಡಲ್ಲ."

ಮುದುಕಿ ಸೊಸೆಯ ಬರಿಗೊರಳನ್ನು ನೋಡಿ ಒಳಗೆ ಹೋದಳು. ಲಿಂಗಪೂಜೆಯಾಗದೆ ತೊಟ್ಟು ನೀರನ್ನೂ ಕುಡಿಯದ ಆ ಮನೆಯಲ್ಲಿ ಮಾರನೆಯ ಬೆಳಿಗ್ಗೆ ಗಂಗಾಂಬಿಕೆ ಬೇಕೆಂದೇ ಅತ್ತೆಯ ಎದುರು ಮುದ್ದೆ ಮುರಿದು ಉಂಡಳು. ಸಿಡಿಲು ಹೊಡೆಯಲಿಲ್ಲ, ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಇವನ ಕೈಯಲ್ಲಿ ಏನೂ ಆಗುವುದಿಲ್ಲ ಎಂದುಕೊಂಡಳು.

ಬೆಳಿಗ್ಗೆ ಸಂಜೆ ಮೊಸರನ್ನ ಹೊತ್ತು ಗುಡಿಗೆ ನಡೆದಳು. ವಾರ ಕಳೆಯುವಷ್ಟರಲ್ಲಿ ಮಗುವಿನ ಜ್ವರ ಇಳಿಯಿತು. ಮೈಮೇಲಿನ ಹಕ್ಕಳೆ ಉದುರತೊಡಗಿತು. ಗೆದ್ದೆ ಎಂದು ಗಂಗಾಂಬಿಕೆ ಅತ್ತೆಯ ಕಡೆ ನೋಡಿದಳು. ಅತ್ತೆ ಮುಖ ತಿರುಗಿಸಿಕೊಂಡಳು. ಆ ಸಂಜೆಯೇ ಮಗುವಿನ ಎರಡು ಕಣ್ಣೂ ಬಿಚ್ಚಿಕೊಂಡವು.

"ಅವ್ವ, ಈ ಕಡೆ ದೀಪ ಹಚ್ಚು. ಕತ್ಲೆ," ಎಂದಿತು ಮಗು.

ಎಡಗಣ್ಣಿನ ಎವೆಯೊಳಗೆ ಸುಣ್ಣ ಬಳಿದ ಹಾಗೆ ಬಿಳಿ.

ಗಂಗಾಂಬಿಕೆ ತಲೆಗೆ ಸೆರಗೂ ಹೊದೆಯದೆ ಓಡಿದಳು. ಗುಡಿಯಲ್ಲಿ ಕೆಂಚಯ್ಯ ಇರಲಿಲ್ಲ. ಅವನ ಹೆಂಡತಿ ಮಲ್ಲಿಗಮ್ಮ ನೆಲ ಸಾರಿಸುತ್ತಿದ್ದಳು. ಗಂಗಾಂಬಿಕೆ ಬೇವಿನ ಸೊಪ್ಪನ್ನೆಲ್ಲ ಕಿತ್ತೆಸೆದು, ಅರಿಸಿನ ಮೆತ್ತಿದ ಮಾರಮ್ಮನಿಗೆ ಕಾಲು ಬೀಸಿ ಒದ್ದಳು. "ನನ್ನ ಮಗಳ ಕಣ್ಣು ತಿಂದೆಯಲ್ಲೇ ಮುಂಡೆ! ಕೋಳಿ ಸಾಲಲಿಲ್ವೇನೆ ನಿಂಗೆ?"

ಮಲ್ಲಿಗಮ್ಮ ಎದ್ದು ಅವಳ ರಟ್ಟೆ ಹಿಡಿದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ.

"ಕಲ್ಲಿಗ್ಯಾಕವ್ವ ಒದ್ದೀಯೆ, ಕಾಲು ನೋಯ್ತದೆ. ದಿನಾ ಇವಳ ಮೈ ತೊಳ್ಯೋಳು ನಾನು. ನನ್ನವೂ ಎಲ್ಡು ಕೂಸು ಇದ್ರಲ್ಲೇ ಓದ್ವು. ಬೈದೆ, ಅತ್ತು ಕರದೆ, ಉಗುದೆ. ಇವಳು ಒಂದ್ಸಲ ತಿರುಗಿ ನೋಡ್ನಿಲ್ಲ. ನೋಡಕ್ಕೆ ಒಳಗೆ ಯಾರವರೆ?"

ಎತ್ತಿದ ಕಾಲು ಹಾಗೆಯೇ ಕೆಳಗಿಳಿಯಿತು. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಬೈಯುವುದಕ್ಕಾದರೂ ಎದುರಿಗೆ ಒಬ್ಬರು ಬೇಕು. ಇಲ್ಲಿ ಯಾರೂ ಇರಲಿಲ್ಲ, ಯಾವತ್ತೂ ಇರಲಿಲ್ಲ. ಒಬ್ಬನಿದ್ದಾನೆ, ಅವನನ್ನು ತಾನು ರಾಗಿಯೊಳಗೆ ಹೂತಿಟ್ಟಿದ್ದೇನೆ ಎನ್ನುವುದು ಅವಳಿಗೆ ಆಗ ನೆನಪಾಯಿತು. ಕುಂಟಿಕೊಂಡು ಮನೆಗೆ ಹೊರಟಳು. ಮತ್ತೆ ಆ ಗುಡಿಯ ಕಡೆ ತಲೆ ಹಾಕಲಿಲ್ಲ.

ವಾಡೆಯೊಳಗೆ ಕೈಹಾಕಿ ಕರಡಿಗೆಯನ್ನು ಎಳೆದಳು. ರಾಗಿ ನೆಲದ ತುಂಬ ಚೆಲ್ಲಿತು.

"ಬಾ ಈಚೆಗೆ! ನಿನ್ನ ಬಿಟ್ಟೋಳು ನಾನು. ನನ್ನ ಕಣ್ಣು ಕೀಳಬೇಕಾಗಿತ್ತು. ಕೂಸಿನ ಮೇಲೆ ಯಾಕೆ ಕೈ ಮಾಡ್ದೆ? ಶಿಕ್ಷೆ ಕೊಡಕ್ಕೂ ನಿಂಗೆ ಮನೆ ಯಾವ್ದು, ಬಾಗ್ಲು ಯಾವ್ದು ಅಂತ ತಿಳೀದಾ?"

"ಒಂದು ಯಾಕೆ ಉಳೀತು ಅಂತಲೂ ಕೇಳು," ಎಂದಳು ಬಾಗಿಲಲ್ಲಿ ನಿಂತ ಬಸವಲಿಂಗಮ್ಮ.

ಗಂಗಾಂಬಿಕೆ ತಿರುಗಿದಳು.

"ತಿಪ್ಪೆಯಿಂದ ಆ ಪೊಟ್ಟಣ ಆಯ್ಕೊಂಡು ಬಂದೆ. ನೀನು ಗುಡಿಗೆ ಹೋದಾಗೆಲ್ಲ ತೊಳೀತಿದ್ದೆ. ಮಗು ಎಡಮಗ್ಗುಲಾಗಿ ಗೋಡೆಗೆ ಮುಖ ಒತ್ಕೊಂಡು ಮಲಗಿರೋದು. ಈ ಕಡೆ ಕಣ್ಣು ಕೈಗೆ ಸಿಗೋದು. ಗೋಡೆ ಕಡೇದೂ ತೊಳೆಯಾನ ಅಂತ ಹೊರಳಿಸಿದ್ರೆ ಕಿಟಾರನೆ ಕಿರುಚೋದು. ಅಷ್ಟರಲ್ಲಿ ನೀನು ಬಂದ್ಬುಟ್ರೆ..." ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ನಿಂಗೆ ಹೆದರ್ಕೊಂಡೆ ಕಣೆ. ಅವನಿಗೆ ಹೆದರೋದು ಬಿಟ್ಟು ನಿಂಗೆ ಹೆದರ್ಕೊಂಡೆ."

ಹೊಡೆದವನೂ ಅವನೇ, ಹೊಡೆಯುವಾಗ ಅಡ್ಡ ಕೈ ಹಿಡಿದವನೂ ಅವನೇ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಗಂಗಾಂಬಿಕೆ ಒಪ್ಪಲಿಲ್ಲ. ಆದರೆ ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಂಡಳು; ಹಣೆಗೆ ವಿಭೂತಿ ಬಳಿದುಕೊಂಡು ನಡುಮನೆಯಲ್ಲಿ ಕೂತಳು; ಲಿಂಗವನ್ನು ತೊಳೆದು ಎಡಗೈಯಲ್ಲಿ ಇಟ್ಟುಕೊಂಡಳು. ಮಂತ್ರ ಹೇಳಲಿಲ್ಲ, ಪತ್ರೆ ಏರಿಸಲಿಲ್ಲ. ದುರುಗುಟ್ಟಿ ನೋಡಿದಳು. ಕಣ್ಣು ಉರಿದು ನೀರು ಸುರಿಯಿತು. ಎವೆ ಮಿಟುಕಿಸಿದರೆ ಅವನ ಮುಂದೆ ಸೋತ ಹಾಗೆ ಎಂದು ಹಟ ಹಿಡಿದು ನೋಡಿದಳು.

ಪ್ರೇಮಕುಮಾರಿ ಗೋಡೆ ಹಿಡಿದುಕೊಂಡು ಬಂದು ತಾಯಿಯ ತೊಡೆ ಹತ್ತಿತು. ಕತ್ತು ಓರೆ ಮಾಡಿ ಅಂಗೈಯಲ್ಲಿದ್ದುದನ್ನು ನೋಡಿತು. ಆಮೇಲೆ ತಾಯಿಯ ಮುಖ ನೋಡಿ, ಹಕ್ಕಳೆ ಉದುರಿದ ಪುಟ್ಟ ಕೈಯಿಂದ ಅವಳ ಎಡಗಣ್ಣನ್ನು ಮುಚ್ಚಿತು.

"ಅಳಬ್ಯಾಡ ಅವ್ವ. ಹಿಂಗೆ ನೋಡು. ಹಿಂಗೂ ಕಾಣ್ತದೆ."

ಗಂಗಾಂಬಿಕೆ ಆ ಕೈಯನ್ನು ತೆಗೆಯಲಿಲ್ಲ.