ಎಲೆಯದು, ತೊಗಟೆಯದು

ಹೊಸ ಕೀಟವೊಂದರ ಬಗ್ಗೆ ಇಡಾನಿಯಾ ಬರೆದ ಲೇಖನ ಲಿಯೊಕಾದಿಯೊ ಅವರ ಮೇಜಿನ ಖಾನೆ ಸೇರಿ ಬಹಳ ದಿನಗಳಾಗಿದ್ದವು. ಕೀಟ ಪ್ರಯೋಗಾಲಯದ ಹಿರಿಯರಾದ ಅವರು ಒಪ್ಪಿದರೆ ಮಾತ್ರ ಅವಳ ಬರಹ ಅಚ್ಚಿಗೆ ಹೋಗುತ್ತಿತ್ತು. ಅವಳು ಹೆಸರಿಟ್ಟ ಮೊದಲ ಜೀವ ಅದು. ಬರಾಕೊವಾ ಊರಿನಾಚೆ ಕಡಲಲ್ಲಿರುವ ನಡುಗಡ್ಡೆಯಲ್ಲಿ, ಕಡಲದ್ರಾಕ್ಷಿ ಮರದ ತೊಗಟೆಗೆ ಕಂದು ಚುಕ್ಕೆಯಂತೆ ಅಂಟಿಕೊಂಡು ರಸ ಹೀರುತ್ತಿದ್ದ, ಚಿಪ್ಪಿನಂಥ ಹೊದಿಕೆಯ ಶಲ್ಕ ಕೀಟ. ಅದೇ ಮರದ ಎಲೆಗಳ ಮೇಲೆ ಬಿಳಿಯದೊಂದಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಜಾತಿ.

"ನೋಡಿದ್ರಾ ಡಾಕ್ಟ್ರೇ?" ಎಂದು ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಇರು ಮಗಳೇ, ಅದೇನು ಓಡಿಹೋಗುತ್ತಾ? ಕಾಲೇ ಇಲ್ಲ ಅದಕ್ಕೆ."

ಒಂದು ಬೆಳಿಗ್ಗೆ ಕಾಫಿ ಕೊಡುವಾಗ ಅವರ ಬೆರಳ ತುದಿಗಳು ಕೆಂಪಾಗಿರುವುದನ್ನು ಕಂಡಳು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ಏರಿಸುವ ಮೊದಲು ಕೀಟಕ್ಕೆ ಹಾಕುವ ಬಣ್ಣ. ಪ್ರಯೋಗಾಲಯದ ಬಣ್ಣದ ಶೀಶೆಯನ್ನು ಮುಟ್ಟುತ್ತಿದ್ದವಳು ಅವಳೊಬ್ಬಳೇ. ಹಾಗಾದರೆ ಮನೆಯಲ್ಲಿ ಕೆಲಸ ನಡೆದಿದೆ. ತನ್ನ ಕೀಟ ಅವರ ಹೆಸರಿನಲ್ಲಿ ಹೊರಬರಲಿದೆ ಎಂದುಕೊಂಡಳು.

ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದಳು. ಜಗುಲಿಯಲ್ಲಿ, ಸೊಳ್ಳೆಪರದೆಯೊಳಗೆ, ಕುಂಡದಲ್ಲೊಂದು ಕಡಲದ್ರಾಕ್ಷಿ ಸಸಿ. ಕಾಂಡದ ತುಂಬ ಕಂದು ಚುಕ್ಕೆಗಳು.

"ನನ್ನದನ್ನ ಕದ್ದು ಸಾಕ್ತಾ ಇದ್ದೀರಾ?"

"ನಿನ್ನದಲ್ಲಮ್ಮ. ಎಲೆ ಮೇಲಿನ ಬಿಳಿಯದರ ಮರಿಗಳನ್ನ ಕುಂಚದಲ್ಲಿ ಎತ್ತಿ ತೊಗಟೆಗೆ ಬಿಟ್ಟೆ. ಬೆಳೆದು ಹಿಂಗಾದ್ವು. ಕೂತ ಜಾಗದ ಹಾಗೆ ಮೈ. ಎರಡೂ ಒಂದೇ."

"ಸಸಿ ಜೊತೆಗೇ ಕಂದು ಬಂದಿರಬಹುದಲ್ಲ."

"ಬಂದಿರಬಹುದು. ನನ್ನ ನಂಬಬೇಡ, ನೀನೇ ಮಾಡಿ ನೋಡು."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ಮುದುಕನಿಗೆ ಹೊಟ್ಟೆಕಿಚ್ಚು ಅಂತಿದ್ದೆ."

ಅವಳು ಅದಕ್ಕಿಂತ ಕೆಟ್ಟದ್ದನ್ನೇ ಅಂದುಕೊಂಡಿದ್ದಳು.

ಬೀಜ ಹಾಕಿ ತಾನೇ ಸಸಿ ಎಬ್ಬಿಸಿದಳು. ಬಿಳಿಯದರ ಮರಿಗಳನ್ನು ಒಂದೊಂದಾಗಿ ಕಾಂಡಕ್ಕೆ ದಾಟಿಸಿದಳು. ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸ್ನಾನಕ್ಕೆ ಹೋಗುವಾಗಲೂ ಕೊರಳಿನಿಂದ ತೆಗೆಯಲಿಲ್ಲ. ಮರಿಗಳು ಸೊಂಡಿಲು ಚುಚ್ಚಿ ಕೂತವು, ಕಾಲು ಕಳೆದುಕೊಂಡವು, ಪೊರೆ ಬಿಟ್ಟವು. ಒಂದು ದಿನ ಭೂತಗನ್ನಡಿಯ ಕೆಳಗೆ ಕಾಂಡವೆಲ್ಲ ಕಂದಾಗಿತ್ತು.

ತಾನಿಟ್ಟ ಹೆಸರಿನ ಮೇಲೆ ಗೀಟು ಎಳೆದಳು. ಒಂದೇ ಕೀಟಕ್ಕೆ ಎರಡು ಮೈ ಎಂದು ಹೊಸದಾಗಿ ಬರೆದು, ತನ್ನ ಹೆಸರಿನ ಪಕ್ಕ ಅವರದನ್ನೂ ಸೇರಿಸಿ ಕೊಟ್ಟಳು. ಲಿಯೊಕಾದಿಯೊ ಓದಿ, ಪೆನ್ನು ತೆಗೆದು, ತಮ್ಮ ಹೆಸರನ್ನು ಹೊಡೆದುಹಾಕಿದರು.

"ನಾನು ಗಿಡಕ್ಕೆ ನೀರು ಹಾಕಿದೆ ಅಷ್ಟೇ."

ಇಡಾನಿಯಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಇದರಲ್ಲಿ ಅವರಿಗೇನು ಲಾಭ ಎಂಬುದು ಅವಳಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.