ಕರುಳಿಗೆ ಕತ್ತರಿ ಹಾಕಿಸುವ ಮುನ್ನ

ಮುಂಬಯಿಯ ಮುಲುಂಡ್ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅಣವೀರಪ್ಪ ಅಲ್ಲಲ್ಲಿ ನಿಲ್ಲಬೇಕಾಗುತ್ತಿತ್ತು. ಹಿಂದೆ ಬರುವವರು 'ಚಲಾ, ಚಲಾ' ಎಂದು ಅವಸರಪಡಿಸುತ್ತಿದ್ದರು. ಅವನು ಕಂಬಿ ಹಿಡಿದು, ಕೆಳಗೆ ಹೋಗುವ ಗಾಡಿ ನೋಡುತ್ತಿರುವವನಂತೆ ನಿಂತುಬಿಡುತ್ತಿದ್ದ.

ಒಂದು ಕಾಲಕ್ಕೆ ವಿಜಾಪುರದ ಕಡೆ ಅವನು ಹೆಸರಾದ ಪೈಲ್ವಾನ. ಈಗ ಫೋರ್ಟ್ ಭಾಗದ ಒಂದು ಬ್ಯಾಂಕಿನ ಬಾಗಿಲಲ್ಲಿ ವಾಚ್‌ಮನ್. ಮುಂಬಯಿಗೆ ಬಂದ ಮೇಲೆ ಗರಡಿ ಬಿಟ್ಟುಹೋಯಿತು, ಖುರಾಕು ಬಿಡಲಿಲ್ಲ. ದಿನಾ ಹಾಲು, ತುಪ್ಪ, ಅರೆದ ಬಾದಾಮಿ. ಖುರಾಕು ಬಿಟ್ಟ ಪೈಲ್ವಾನ ಹೆಣಕ್ಕೆ ಸಮ ಎಂದು ಗರಡಿಯಲ್ಲಿ ಕಲಿಸಿದ ಉಸ್ತಾದರು ಹೇಳಿದ್ದರು. ಉಸ್ತಾದರ ಮಾತು ಮೀರುವವನಲ್ಲ ಅಣವೀರಪ್ಪ.

ಮೈ ಬೆಳೆಯುತ್ತ ಹೋಯಿತು. ಅವರಿದ್ದ ಚಾಳು ಒಂದೊಂದೇ ಕೋಣೆಯ ಮನೆಗಳ ಸಾಲು; ಅಲ್ಲಿಯವರು ನಗುತ್ತಿದ್ದರು. ಹೆಂಡತಿ ಚಂದ್ರವ್ವನಿಗೆ ಅದು ದೊಡ್ಡದಲ್ಲ. ಅವಳ ಹೆದರಿಕೆ ಬೇರೆಯಿತ್ತು. ಭಾನುವಾರ ಮಧ್ಯಾಹ್ನ ಉಂಡು ಮಲಗಿದರೆ ಅವನ ಗೊರಕೆ ಶುರುವಾಗುತ್ತಿತ್ತು. ನಡುವೆ ಒಮ್ಮೆಲೇ ನಿಲ್ಲುತ್ತಿತ್ತು, ಉಸಿರೂ ಕೇಳುತ್ತಿರಲಿಲ್ಲ. ಅವಳು ತಿಕ್ಕುತ್ತಿದ್ದ ಪಾತ್ರೆ ಹಿಡಿದು ಹಾಗೇ ಕೂರುತ್ತಿದ್ದಳು. ಆಮೇಲೆ ಗಕ್ಕನೆ ಉಸಿರು ಬರುತ್ತಿತ್ತು. ಅವಳು ಮತ್ತೆ ಪಾತ್ರೆ ತಿಕ್ಕುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ.

ಅವನು ಬಾಗಿಲಲ್ಲಿ ಕುಳಿತಲ್ಲೇ ನಿದ್ದೆ ಹೋದದ್ದನ್ನು ಬ್ಯಾಂಕಿನ ಮ್ಯಾನೇಜರು ಕಂಡರು. ಮೈ ಇಳಿಸಿಕೋ, ಇಲ್ಲವಾದರೆ ಬೇರೆಯವನನ್ನು ನೋಡಬೇಕಾಗುತ್ತದೆ ಎಂದರು. ಒಬ್ಬ ಗುಮಾಸ್ತ ದಾರಿಯನ್ನೂ ತೋರಿಸಿದ: ಹೊಸ ಆಪರೇಶನ್ ಒಂದು ಬಂದಿದೆಯಂತೆ, ಕರುಳು ಗಿಡ್ಡ ಮಾಡುತ್ತಾರಂತೆ, ಆನೆಯಂಥವನೂ ಇಳಿಯುತ್ತಾನಂತೆ.

ಅಣವೀರಪ್ಪ ಖುಷಿಯಿಂದ ಮನೆಗೆ ಬಂದ. ಪಕ್ಕದ ಖೋಲಿಯ ನೀಲಾಬಾಯಿ ಆಗ ಅಲ್ಲೇ ಚಹಾ ಕುಡಿಯುತ್ತಿದ್ದಳು. ಧಾರವಾಡದ ಕಡೆಯವಳು, ದೊಡ್ಡಾಸ್ಪತ್ರೆಯಲ್ಲಿ ನರ್ಸು.

"ಕರುಳ ಗಿಡ್ಡ ಆತಂದ್ರ ಎಷ್ಟ ತಿಂದ್ರೂ ಮೈಗೆ ಹತ್ತೂದಿಲ್ಲಂತ," ಎಂದ ಅವನು. "ಖುರಾಕ ಬಿಡೂ ಮಾತೇ ಇಲ್ಲ."

"ಕ್ಷೌರಕ್ಕ ಹೊಂಟಾವ್ರಂಗ ಮಾತಾಡ್ತೀರಲ್ರೀ," ಎಂದಳು ಚಂದ್ರವ್ವ. "ಹೊಟ್ಟಿ ಕೊಯ್ಸೂದು ಬ್ಯಾಡೇ ಬ್ಯಾಡ. ಕೊಯ್ಸಿಕೊಂಡಾವ್ರು ಎದ್ದು ಬಂದದ್ದು ನಾ ನೋಡಿಲ್ಲ."

"ನಮ್ಮ ವಾರ್ಡಿಗೆ ಬರ್ರಿ ಚಂದ್ರಕ್ಕ, ದಿನಾ ಎದ್ದು ಹೋಗ್ತಾರ," ನೀಲಾಬಾಯಿ ಬಶಿ ಕೆಳಗಿಟ್ಟಳು. "ಅಣ್ಣಾರು ಆಸೆಬಿದ್ದು ಹೂಂ ಅಂತಾರ, ನೀವು ಹೆದರಿ ಬ್ಯಾಡ ಅಂತೀರಿ. ಇಬ್ಬರೂ ಡಾಕ್ಟರನ್ನ ಕೇಳೇ ಇಲ್ಲ. ಮೊದಲ ಹೋಗಿ ಕೇಳೂಣು. ಕೇಳಿದ ಕೂಡ್ಲೆ ಯಾರೂ ಟೇಬಲ್ ಮ್ಯಾಲ ಮಲಗಸೂದಿಲ್ಲ."

"ಮಲಗಸಾಕ ಎತ್ತಬೇಕಲ್ಲ. ನಾಕ ಮಂದಿ ಬೇಕು," ಎಂದಳು ಚಂದ್ರವ್ವ.

ಅಣವೀರಪ್ಪನೂ ನಕ್ಕ.

ಆಸ್ಪತ್ರೆಯ ಡಾಕ್ಟರರು ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪಿನ ನಳಿಗೆಯನ್ನು ಮಡಚಿ ತೋರಿಸಿದರು. ಕರುಳಿನ ಬಹುಭಾಗವನ್ನು ಬದಿಗೆ ಬಿಟ್ಟು, ಅನ್ನ ಹೋಗುವ ದಾರಿಯನ್ನು ಗಿಡ್ಡ ಮಾಡುತ್ತೇವೆ, ಆದ್ದರಿಂದ ತಿಂದದ್ದೆಲ್ಲ ಮೈಗೆ ಸೇರುವುದಿಲ್ಲ ಎಂದರು. ತೂಕ ಇಳಿಯುತ್ತದೆ, ಆದರೆ ಭೇದಿ ಹತ್ತುತ್ತದೆ, ಕೆಲವರಿಗೆ ಅದು ನಿಲ್ಲುವುದೇ ಇಲ್ಲ. ಮೈಗೆ ಬೇಕಾದ ಸತ್ವವೂ ಹೊರಗೆ ಹೋಗುವುದರಿಂದ ಬದುಕಿರುವ ತನಕ ಗುಳಿಗೆ, ರಕ್ತ ತಪಾಸಣೆ. ಯಕೃತ್ತಿಗೆ ಅಪಾಯವಾದದ್ದೂ ಉಂಟು. ಆಪರೇಶನ್ ಹೊಸದು, ನಮಗೂ ಎಲ್ಲ ತಿಳಿದಿಲ್ಲ ಎಂದು ಮುಚ್ಚಿಡದೆ ಹೇಳಿದರು. ಬೇರೆ ಉಪಾಯಗಳೆಲ್ಲ ಸೋತು, ತೂಕವೇ ಜೀವಕ್ಕೆ ಕುತ್ತಾದಾಗ ಮಾತ್ರ ಇದರ ಯೋಚನೆ.

"ನೀವು ಈತನಕ ಏನೇನು ಮಾಡಿ ನೋಡಿದ್ದೀರಿ?" ಎಂದು ಕೇಳಿದರು. ಅಣವೀರಪ್ಪ ಟೊಪ್ಪಿಗೆ ಸರಿಮಾಡಿಕೊಂಡ.

ಆಗ ಚಂದ್ರವ್ವ ಬಾಯಿ ಬಿಟ್ಟಳು. "ಮಲಗಿದಾಗ ಇವರ ಉಸರ ನಿಂದರತೈತ್ರಿ."

ಅಣವೀರಪ್ಪ ಅವಳತ್ತ ತಿರುಗಿದ. "ನನಗ ಹೇಳೇ ಇಲ್ಲ."

"ಹೇಳಿದ್ರ ಖರೇ ಆದೀತು ಅಂತ ಸುಮ್ಮನಿದ್ದೆ."

ಮೊದಲು ಹೇಳಬೇಕಾದ ಮಾತೇ ಅದು ಎಂದು ಡಾಕ್ಟರು ಅವನ ಎದೆ ಪರೀಕ್ಷಿಸಿದರು, ರಕ್ತದ ಸಕ್ಕರೆ ನೋಡಿಸಿದರು. ಕುಳಿತಲ್ಲಿ ನಿದ್ದೆ ಬರುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದರು. ಮೊದಲು ಹಾಲು ತುಪ್ಪ ಕಡಿಮೆ ಮಾಡಿ, ದಿನಾ ನಡೆದು ನೋಡಿ ಎಂದು ಒಂದು ನೇಮ ಬರೆದುಕೊಟ್ಟರು.

ಹೊರಗಿನ ಬೆಂಚಿನಲ್ಲಿ ನೀಲಾಬಾಯಿ ಒಬ್ಬ ಹೆಂಗಸಿನ ಪರಿಚಯ ಮಾಡಿಸಿದಳು. ಬೆಳಗಾವಿಯ ದೇವಕ್ಕ, ಇದೇ ಆಪರೇಶನ್ ಆದವಳು.

"ನನಗ ಅದು ಬೇಕಾಗಿತ್ತು," ಎಂದಳು ದೇವಕ್ಕ. "ಪಥ್ಯ, ಗುಳಿಗಿ ಎಲ್ಲಾ ಆಗಿತ್ತು. ಹಾಸಿಗ್ಯಾಗ ಮಗ್ಗಲಾ ಹೊಳ್ಳಾಕ ಆಗ್ತಿರಲಿಲ್ಲ. ಈಗ ನನ್ನ ಸೀರಿ ನಾನ ಉಡ್ತೀನಿ."

"ತ್ರಾಸ?" ಎಂದ ಅಣವೀರಪ್ಪ.

"ಐತ್ರಿ. ಏನ್ ತಿಂದ್ರೂ ಸಂಡಾಸಕ್ಕ ಓಡಬೇಕು. ದಿನಕ್ಕ ಎಂಟ ಸಲ, ಹತ್ತ ಸಲ. ನಮ್ಮದು ಫ್ಲ್ಯಾಟು, ಮಲಗೂ ಖೋಲಿಗೇ ಸಂಡಾಸ ಐತಿ, ನೀರ ಐತಿ. ಹಾಲು ತುಪ್ಪ ಕಂಡ್ರಂತೂ ದೂರ ಸರೀತೀನಿ. ಇವತ್ತ ತಪಾಸಣಿಗೆ ರಕ್ತಾ ಕೊಡಾಕ ಬಂದೀನಿ. ನನಗ ಸರಿ ಹೋತು. ನಿಮಗೇನು ಅಂಬೂದು ನೀವ ನೋಡ್ಕೋರಿ."

ಮರಳುವಾಗ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಘಾಟ್‌ಕೋಪರ್ ದಾಟಿತು.

"ಚಾಳಿನ್ಯಾಗ ಮುಂಜಾನೆ ಒಂದ ಸಲಕ್ಕ ಡಬ್ಬಿ ಹಿಡಕೊಂಡು ಸಂಡಾಸದ ಪಾಳೇದಾಗ ನಿಂದರತೀನಿ," ಎಂದ ಅಣವೀರಪ್ಪ. "ಹತ್ತ ಸಲ ಹೆಂಗ ನಿಂದರಲಿ?"

"ಪೈಲ್ವಾನ್ರು ಬಂದ್ರು ಅಂತ ಮಂದಿ ದಾರಿ ಬಿಡ್ತಾರ," ಎಂದಳು ಚಂದ್ರವ್ವ.

"ಬಿಟ್ಟಾರು. ಬ್ಯಾಂಕಿನ ಬಾಗಲಾ ಯಾರಿಗೆ ಬಿಡ್ಲಿ? ನೌಕರಿ ಉಳಸಾಕ ಹೋಗಿ ನೌಕರೀನ ಕಳಕೊಂಡಂಗ ಆತು. ಈಗ ಬ್ಯಾಡ."

"ಹೆದರಿ ಅಂತೀರೋ?"

"ಹೆದರಿ ಅಲ್ಲ. ಕೇಳಿ ತಿಳಕೊಂಡು ಅಂತೀನಿ. ಆದ್ರ ಉಸ್ತಾದರ ಮಾತು..."

"ಖುರಾಕ ತಿನ್ನು ಅಂದಿದ್ರು, ಖರೆ. ದಿನಾ ಬಸ್ಕಿ ಎಷ್ಟ ಹೊಡಿ ಅಂದಿದ್ರು?"

ಅಣವೀರಪ್ಪ ಕಿಟಕಿಯ ಹೊರಗೆ ನೋಡಿದ. "ಸಾವಿರ."

"ಅರ್ಧಾ ಮಾತ ಮುಂಬೈಗೆ ಬಂದ ದಿನಾನ ಮುರದೀರಿ. ಉಳದ ಅರ್ಧಾ ಹಿಡಕೊಂಡು ನನ್ನ ಯಾಕ ಹೆದರಸ್ತೀರಿ?"

ಮರುದಿನ ಎಮ್ಮೆಗಳ ತಬೇಲಾದ ಭೈಯ್ಯಾ ಹಾಲು ತಂದಾಗ ಅಣವೀರಪ್ಪನೇ ಸಣ್ಣ ಪಾತ್ರೆ ಹಿಡಿದು ಬಾಗಿಲಿಗೆ ಹೋದ. ಅದು ಸುಲಭವಾಗಲಿಲ್ಲ. ಸಿಟ್ಟು ಬಂತು, ಹಬ್ಬದಲ್ಲಿ ನೇಮ ತಪ್ಪಿತು. ತಪ್ಪಿದಾಗ ಬೈಯದೆ ಮತ್ತೆ ಶುರುಮಾಡಿಸಿದರು ಆಸ್ಪತ್ರೆಯವರು. ಅವರು ಹೇಳಿದಷ್ಟು ನಡೆದ, ಅಂಗಾತ ಮಲಗುವುದು ಬಿಟ್ಟು ಮಗ್ಗುಲಾಗಿ ಮಲಗಿದ. ತಿಂಗಳಿಗೊಮ್ಮೆ ತೂಕಕ್ಕೆ ಹೋದ. ನೀಲಾಬಾಯಿ ಬರೆಸಿಕೊಟ್ಟ ಡಾಕ್ಟರರ ಚೀಟಿ ನೋಡಿ ಮ್ಯಾನೇಜರು ಕಾಯಲು ಒಪ್ಪಿದರು. ವರ್ಷ ತುಂಬುವಾಗ ಅವನು ಸೇತುವೆ ಹತ್ತುವಾಗ ಒಂದೇ ಸಲ ನಿಲ್ಲುತ್ತಿದ್ದ. ತೆಳ್ಳಗಾಗಿರಲಿಲ್ಲ, ಆದರೆ ಬಾಗಿಲಲ್ಲಿ ಎಚ್ಚರವಾಗಿರುತ್ತಿದ್ದ. ಇದರಿಂದ ಸಾಲದಿದ್ದರೆ ಆಪರೇಶನ್ನಿನ ಮಾತನ್ನು ಮತ್ತೆ ಎತ್ತೋಣ ಎಂದಿದ್ದಾರೆ ಡಾಕ್ಟರು.

ಭಾನುವಾರ ಮಧ್ಯಾಹ್ನ ಗೊರಕೆ ಈಗಲೂ ಇದೆ. ಚಂದ್ರವ್ವ ಕೈ ನಿಲ್ಲಿಸದೆ ಪಾತ್ರೆ ತಿಕ್ಕಿ ಮುಗಿಸುತ್ತಾಳೆ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೈ ಬೆಳೆದದ್ದು ನಾಚಿಕೆಯ ಸಂಗತಿಯಲ್ಲ. ನಾಚಿ ಮುಚ್ಚಿಟ್ಟರೆ ಅಪಾಯ. ಆಪರೇಶನ್ ದೇವಕ್ಕನಿಗೆ ಬೇಕಾಗಿತ್ತು, ಅಣವೀರಪ್ಪನಿಗೆ ಅಂದು ಬೇಕಾಗಿರಲಿಲ್ಲ. ನಿಮಗೆ ಬೇಕೋ ಬೇಡವೋ ಎಂಬುದನ್ನು ಗುಮಾಸ್ತನ ಮಾತಿನಿಂದಾಗಲಿ, ಚಾಳಿನವರ ನಗುವಿನಿಂದಾಗಲಿ ತೀರ್ಮಾನಿಸಬೇಡಿ. ಏನು ಮಾಡುತ್ತಾರೆ, ಆಮೇಲೆ ಏನಾಗುತ್ತದೆ, ಎಷ್ಟು ಕಾಲ ತಪಾಸಣೆಗೆ ಬರಬೇಕು ಎಂದು ಡಾಕ್ಟರರನ್ನೇ ಕೇಳಿ. ನಿಮ್ಮ ಮನೆ, ನೀರು, ಕೆಲಸ ಅದಕ್ಕೆ ಒಗ್ಗುತ್ತದೆಯೇ ಎಂದು ನೋಡಿ. ಹೋಗುವಾಗ ಒಬ್ಬರೇ ಹೋಗಬೇಡಿ. ನೀವು ಮಲಗಿದಾಗ ನಿಮ್ಮ ಉಸಿರನ್ನು ಕೇಳುತ್ತ ಕೂರುವವರು ಮನೆಯಲ್ಲಿದ್ದರೆ, ಅವರನ್ನು ಕರೆದುಕೊಂಡು ಹೋಗಿ. ಅವರಿಗೂ ಹೇಳುವುದಿರುತ್ತದೆ.